ಪಂಡಿತಾ ರಮಾಬಾಯಿ: ಭಯದಿಂದ ಧ್ಯೇಯದೆಡೆಗೆ

ಹತ್ತೊಂಬತ್ತನೆಯ ಶತಮಾನದ ಮಹಾರಾಷ್ಟ್ರದ ಸಾಮಾಜಿಕ ಚರಿತ್ರೆಯಲ್ಲಿ ಪಂಡಿತಾ ರಮಾಬಾಯಿಯವರ ಹೆಸರು ಸ್ತ್ರೀಶಿಕ್ಷಣದೊಡನೆ ಬೆಸೆದುಕೊಂಡಿದೆ. ಅವರು ಜನಿಸಿದ್ದು ಕನ್ನಡ ನಾಡಿನ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, 1858ರ ಏಪ್ರಿಲ್ 23ರಂದು. ಪುಣೆ ಮತ್ತು ಮುಂಬಯಿಗಳಲ್ಲಿ ಅವರು ಕಟ್ಟಿದ ಸಂಸ್ಥೆಗಳ ಕಥೆ ಪ್ರಸಿದ್ಧವಾದುದು. ಆ ಸಂಸ್ಥೆಗಳ ಹಿಂದೆ ಹಸಿವು, ಸಾವು ಮತ್ತು ಒಂಟಿತನಗಳ ಭಯವನ್ನು ಹತ್ತಿರದಿಂದ ಕಂಡ ಜೀವವೊಂದು ತನ್ನ ಬಾಳಿನ ಗುರಿಯನ್ನು ತಾನೇ ರೂಪಿಸಿಕೊಂಡ ಬಗೆ ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು, ಸಂಸ್ಕೃತ ವಿದ್ವಾಂಸರು. ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರೆಂಬ ಕಾರಣಕ್ಕೆ ಸ್ವಜನರ ವಿರೋಧವನ್ನು ಎದುರಿಸಬೇಕಾಯಿತು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ತಮ್ಮ ನಿಲುವನ್ನು ಶಾಸ್ತ್ರಾಧಾರಗಳಿಂದ ಸಮರ್ಥಿಸಿಕೊಂಡರು. ಬಳಿಕ ಗಂಗಾಮೂಲದ ಕಾಡಿನಲ್ಲಿ ಆಶ್ರಮವನ್ನು ಕಟ್ಟಿಕೊಂಡರು. ರಮಾಬಾಯಿ ಆರು ತಿಂಗಳ ಶಿಶುವಾಗಿದ್ದಾಗ ಕುಟುಂಬವು ಆ ನೆಲೆಯನ್ನು ಬಿಟ್ಟು ತೀರ್ಥಕ್ಷೇತ್ರಗಳ ಸಂಚಾರಕ್ಕೆ ಹೊರಟಿತು. ಪುರಾಣ ಪಠಿಸಿ, ಬಂದ ದಕ್ಷಿಣೆಯಲ್ಲಿ ಬದುಕುವುದು ಅವರ ಕ್ರಮವಾಯಿತು. ಮಗಳಿಗೆ ಎಳವೆಯಲ್ಲಿ ಮದುವೆ ಮಾಡದೆ ತಾಯಿಯೇ ಸಂಸ್ಕೃತ ಕಲಿಸಿದರು.

1870ರ ದಶಕದ ಕ್ಷಾಮದಲ್ಲಿ ಈ ಜೀವನಕ್ರಮ ಕುಸಿಯಿತು. ಕೈಯಲ್ಲಿದ್ದುದೆಲ್ಲ ತೀರಿತು. ಶಾಸ್ತ್ರವನ್ನಲ್ಲದೆ ಬೇರಾವ ಕಸುಬನ್ನೂ ಕಲಿಯದಿದ್ದ ಆ ಮನೆಯವರಿಗೆ ಕೂಲಿ ಮಾಡಲು ಕೈ ಬಾರದು, ಬೇಡಲು ಮನಸ್ಸು ಬಾರದು. ಕಾಡಿನಲ್ಲಿ ನೀರು, ಎಲೆ, ಕಾಡುಹಣ್ಣುಗಳಿಂದ ದಿನ ನೂಕಿದ ಬಳಿಕ ತಂದೆಯವರು ಜಲಸಮಾಧಿಯ ನಿರ್ಧಾರಕ್ಕೆ ಬಂದರು. ಅಣ್ಣ ಶ್ರೀನಿವಾಸನು ಜಾತಿಯ ಅಭಿಮಾನವನ್ನು ಬದಿಗಿಟ್ಟು ದುಡಿಯಲು ಮುಂದಾದುದರಿಂದ ಆ ಸಂಕಲ್ಪ ನಿಂತಿತು. ಆದರೆ ಕ್ಷಾಮ ಬಿಡಲಿಲ್ಲ. ಹದಿನಾರು ವರ್ಷದ ರಮಾಬಾಯಿ ತಂದೆ, ತಾಯಿಯರನ್ನು ಕಳೆದುಕೊಂಡರು. ಬಳಿಕ ಅಕ್ಕನೂ ತೀರಿಕೊಂಡಳು. ಅಣ್ಣತಂಗಿಯರಿಬ್ಬರೇ ಕಾಲ್ನಡಿಗೆಯಲ್ಲಿ ಉತ್ತರ ಭಾರತವನ್ನು ಸುತ್ತಿದರು. ಝೇಲಂ ನದಿಯ ದಡದಲ್ಲಿ ಚಳಿ ತಾಳಲಾರದೆ ಗುಂಡಿ ತೋಡಿ, ಕುತ್ತಿಗೆಯವರೆಗೆ ಮರಳು ಮುಚ್ಚಿಕೊಂಡು ಇರುಳು ಕಳೆದುದುಂಟು.

1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಅವರ ಪಾಂಡಿತ್ಯವನ್ನು ಪರೀಕ್ಷಿಸಿ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. ಕೀರ್ತಿ ಬಂದರೂ ನೆಮ್ಮದಿ ನಿಲ್ಲಲಿಲ್ಲ. 1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ಜಾತಿಯ ಕಟ್ಟನ್ನು ಮೀರಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ನೋಂದಣಿ ವಿವಾಹವಾದರು. 1882ರಲ್ಲಿ ಪತಿಯು ಕಾಲರಾಕ್ಕೆ ಬಲಿಯಾದಾಗ ಮಗಳು ಮನೋರಮೆಗೆ ಒಂದು ವರ್ಷವೂ ತುಂಬಿರಲಿಲ್ಲ.

ಇಪ್ಪತ್ತಮೂರರ ವಿಧವೆ ಅಂದಿನ ರೂಢಿಯಂತೆ ಮನೆಯ ಮೂಲೆಯನ್ನು ಹಿಡಿಯಬೇಕಿತ್ತು. ರಮಾಬಾಯಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು, ಮರಾಠಿಯಲ್ಲಿ 'ಸ್ತ್ರೀಧರ್ಮನೀತಿ'ಯನ್ನು ಬರೆದರು, ಹಂಟರ್ ಶಿಕ್ಷಣ ಆಯೋಗದ ಮುಂದೆ ಮಹಿಳಾ ಶಿಕ್ಷಕಿಯರ ಮತ್ತು ವೈದ್ಯೆಯರ ಅಗತ್ಯವನ್ನು ಪ್ರತಿಪಾದಿಸಿದರು. ತಾವೇ ವೈದ್ಯೆಯಾಗಬೇಕೆಂಬ ಆಸೆಯಿಂದ 1883ರಲ್ಲಿ ಎಳೆಯ ಮಗಳೊಡನೆ ಇಂಗ್ಲೆಂಡಿಗೆ ಹೊರಟರು.

ಅವರ ಬದುಕಿನ ಅತಿ ಕಠಿಣವಾದ ಘಟ್ಟ ಅಲ್ಲಿಯೇ ಎದುರಾಯಿತು. ಜೊತೆಗೆ ಬಂದಿದ್ದ ಆನಂದಿಬಾಯಿ ಭಗತ್ ಅವರು ವಾಂಟೇಜಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಈ ಆಘಾತದಿಂದ ರಮಾಬಾಯಿಯವರ ಮನಸ್ಸು ತತ್ತರಿಸಿತು. ಆಕ್ಸ್‌ಫರ್ಡಿನಲ್ಲಿ ಮ್ಯಾಕ್ಸ್ ಮುಲ್ಲರರ ಮನೆಯಲ್ಲಿದ್ದಾಗ ರಾತ್ರಿ ಒಬ್ಬರೇ ಮಲಗಲಾಗದೆ, ಕೋಣೆಯಲ್ಲಿ ಸೇವಕಿಯೊಬ್ಬಳನ್ನು ಜೊತೆಗಿರಿಸಬೇಕಾಯಿತೆಂದು ಮುಲ್ಲರರು ದಾಖಲಿಸಿದ್ದಾರೆ. ಶ್ರವಣಶಕ್ತಿಯೂ ಕುಂದಿತು, ವೈದ್ಯಕೀಯ ಉಪನ್ಯಾಸಗಳನ್ನು ಕೇಳಿ ಕಲಿಯುವ ದಾರಿ ಮುಚ್ಚಿತು. ಅದೇ ವರ್ಷ ಅವರು ಕ್ರೈಸ್ತ ದೀಕ್ಷೆಯನ್ನೂ ಪಡೆದರು. ಇದರಿಂದ ಸ್ವದೇಶದ ಅನೇಕ ಹಿತೈಷಿಗಳು ದೂರವಾದರು.

ಊರಿಗೆ ಮರಳಲು ಬೇಕಾದಷ್ಟು ಕಾರಣಗಳಿದ್ದವು. ರಮಾಬಾಯಿ ಮರಳಲಿಲ್ಲ, ಗುರಿಯನ್ನು ಬದಲಿಸಿಕೊಂಡರು. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತ ತಾವೂ ಕಲಿತರು. 1886ರಲ್ಲಿ ಆನಂದಿಬಾಯಿ ಜೋಶಿಯವರ ವೈದ್ಯಕೀಯ ಪದವಿ ಸಮಾರಂಭಕ್ಕೆಂದು ಅಮೆರಿಕಕ್ಕೆ ಹೋದವರು ಅಲ್ಲಿ ಶಿಶುವಿಹಾರದ ಶಿಕ್ಷಣಪದ್ಧತಿಯನ್ನು ಅಭ್ಯಾಸ ಮಾಡಿದರು. 1887ರಲ್ಲಿ ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ ಪ್ರಕಟವಾಯಿತು. ಅದೇ ವರ್ಷ ಬೋಸ್ಟನ್ನಿನಲ್ಲಿ ಅವರ ಕಾರ್ಯಕ್ಕೆ ನೆರವಾಗುವ ಸಂಘವೊಂದು ರೂಪುಗೊಂಡಿತು. ತಾನು ವೈದ್ಯೆಯಾಗಬೇಕೆಂಬ ಆಸೆಯು ವಿಧವೆಯರು ಸ್ವತಂತ್ರವಾಗಿ ನಿಲ್ಲುವಂಥ ನೆಲೆಯೊಂದನ್ನು ಕಟ್ಟಬೇಕೆಂಬ ಧ್ಯೇಯಕ್ಕೆ ಎಡೆಗೊಟ್ಟಿತ್ತು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿಯವರು 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾದರು. ಸದನವು ಪುಣೆಗೆ ಸ್ಥಳಾಂತರಗೊಂಡಿದ್ದ ಅದೇ ಕಾಲದಲ್ಲಿ ಮತಾಂತರದ ಆಪಾದನೆ ಎದ್ದಿತು. ರಾನಡೆ, ಭಂಡಾರ್ಕರರು ಸಲಹಾ ಮಂಡಳಿಯಿಂದ ಹೊರಬಂದರು, ಪಾಲಕರು ಅನೇಕ ಹುಡುಗಿಯರನ್ನು ಕರೆದೊಯ್ದರು. ರಮಾಬಾಯಿ ಉಳಿದವರೊಡನೆ ಕೆಲಸ ಮುಂದುವರಿಸಿದರು.

1896ರಲ್ಲಿ ಮಧ್ಯಪ್ರಾಂತಗಳಲ್ಲಿ ಕ್ಷಾಮ ತಲೆದೋರಿತು. ಎಳವೆಯ ಹಸಿವಿನ ನೆನಪು ಕಣ್ಣಮುಂದೆ ನಿಂತಿದ್ದಾಗಲೇ ಅವರು ಆ ಪ್ರದೇಶಗಳಿಗೆ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗು ಹರಡಿದ ಆ ದಿನಗಳಲ್ಲಿ ಅವರಿಗೆ ನೆಲೆಯಾದುದು ಕೇಡಗಾಂವ. ಅಲ್ಲಿ ಬೆಳೆದ ಮುಕ್ತಿ ಸದನದಲ್ಲಿ ಅಕ್ಷರದೊಡನೆ ನೇಯ್ಗೆ, ಬೇಸಾಯ, ಹೈನುಗಾರಿಕೆ, ಮುದ್ರಣಗಳನ್ನೂ ಕಲಿಸಲಾಯಿತು. ಕೈಗಸುಬು ಬಾರದೆ ಕ್ಷಾಮದಲ್ಲಿ ನಾಶವಾದ ಮನೆಯೊಂದರ ಮಗಳು ರೂಪಿಸಿದ ಪಠ್ಯಕ್ರಮವಿದು ಎಂಬುದನ್ನು ನೆನೆದರೆ ಅದರ ಅರ್ಥ ಸ್ಪಷ್ಟವಾಗುತ್ತದೆ. ತನ್ನವರನ್ನು ಕೊಂದ ಅಸಹಾಯಕತೆ ಇನ್ನೊಬ್ಬ ಹೆಣ್ಣುಮಗಳಿಗೆ ಬಾರದಿರಲಿ ಎಂಬ ಕಾಳಜಿ ಆ ಮಗ್ಗಗಳ ಹಿಂದಿತ್ತು.

1912ರಲ್ಲಿ ಕಲಬುರ್ಗಿಯಲ್ಲಿ ಶಾಲೆಯೊಂದು ತೆರೆಯಲು ಅವರು ನೆರವಾದರು. ಮನೋರಮೆಯವರು ಅದರ ಮುಖ್ಯಸ್ಥೆಯಾದರು. ಹೀಗೆ ಗಂಗಾಮೂಲದಿಂದ ಬುಟ್ಟಿಯಲ್ಲಿ ಹೊರಬಿದ್ದ ಮಗುವಿನ ಶ್ರಮದಲ್ಲಿ ಕನ್ನಡ ನೆಲಕ್ಕೂ ಪಾಲು ದೊರೆಯಿತು. 1921ರಲ್ಲಿ ಮಗಳು ತೀರಿಕೊಂಡರು. ಆ ದುಃಖದ ನಡುವೆಯೂ ರಮಾಬಾಯಿ ಬೈಬಲಿನ ಮರಾಠಿ ಅನುವಾದವನ್ನು ಪೂರ್ಣಗೊಳಿಸಿ, 1922ರ ಏಪ್ರಿಲ್ 5ರಂದು ಕೇಡಗಾಂವದಲ್ಲಿ ನಿಧನರಾದರು. ಅವರು ಕಟ್ಟಿದ ಸಂಸ್ಥೆ ಅಲ್ಲಿ ಇಂದಿಗೂ ಕೆಲಸ ಮಾಡುತ್ತಿದೆ.