ಹೆಜ್ಜೆಯಿಂದ ಲಯ ಕಲಿಸಿದ ಶಿಕ್ಷಕ: ಎಮಿಲ್ ಜಾಕ್-ಡಾಲ್‌ಕ್ರೋಜ್

ಚಿಕ್ಕ ಮಕ್ಕಳಿಗೆ ಲಯವನ್ನು ಪರಿಚಯಿಸುವಾಗ ಕರಿಹಲಗೆಯಿಂದ ಆರಂಭಿಸಬೇಕೆ, ಮಕ್ಕಳ ಕೈಕಾಲುಗಳಿಂದ ಆರಂಭಿಸಬೇಕೆ? ಪಾಠ ಯೋಜನೆ ಬರೆಯುವ ಪ್ರಶಿಕ್ಷಣಾರ್ಥಿಗಳು ಈ ಪ್ರಶ್ನೆ ಎತ್ತಿದಾಗಲೆಲ್ಲ ನಾನು ಅವರಿಗೆ ಒಬ್ಬ ಸ್ವಿಸ್ ಸಂಗೀತ ಶಿಕ್ಷಕರ ಜೀವನವನ್ನು ಹೇಳುತ್ತೇನೆ. ಅವರ ಹೆಸರು ಎಮಿಲ್ ಜಾಕ್-ಡಾಲ್‌ಕ್ರೋಜ್.

ಅವರು ಹುಟ್ಟಿದ್ದು 1865ರ ಜುಲೈ 6ರಂದು, ವಿಯೆನ್ನಾ ನಗರದಲ್ಲಿ. ತಂದೆತಾಯಿಗಳು ಸ್ವಿಟ್ಜರ್‌ಲೆಂಡಿನವರು. ತಾಯಿ ಸ್ವತಃ ಸಂಗೀತ ಶಿಕ್ಷಕಿ. ಪೆಸ್ಟಾಲೋಜಿಯ ಶಿಕ್ಷಣ ವಿಚಾರಗಳಿಂದ ಪ್ರಭಾವಿತರಾಗಿದ್ದವರು. 1875ರಲ್ಲಿ ಕುಟುಂಬ ಜಿನೀವಾಕ್ಕೆ ಬಂದಿತು. ಅಲ್ಲಿನ ಸಂಗೀತ ವಿದ್ಯಾಲಯದಲ್ಲಿ ಓದಿದ ಎಮಿಲ್, ಮುಂದೆ ಪ್ಯಾರಿಸ್ಸಿನಲ್ಲಿಯೂ ವಿಯೆನ್ನಾದಲ್ಲಿಯೂ ಕಲಿಕೆ ಮುಂದುವರಿಸಿದರು. ವಿಯೆನ್ನಾದಲ್ಲಿ ಪ್ರಸಿದ್ಧ ಸಂಗೀತ ರಚನಕಾರ ಬ್ರುಕ್ನರ್ ಅವರ ಗುರುಗಳಲ್ಲಿ ಒಬ್ಬರು. ಇದರ ನಡುವೆ 1886ರಲ್ಲಿ ಆಲ್ಜೀರ್ಸ್ ನಗರದ ನಾಟಕಶಾಲೆಯೊಂದರಲ್ಲಿ ವಾದ್ಯವೃಂದದ ಸಹಾಯಕ ನಿರ್ದೇಶಕರಾಗಿದ್ದರು. ಅಲ್ಲಿ ಕೇಳಿದ ಅರಬ್ ಸಂಗೀತದ ಲಯಗಳು ಯುರೋಪಿನ ಎರಡು, ಮೂರು, ನಾಲ್ಕರ ಸರಳ ಎಣಿಕೆಗೆ ಒಗ್ಗುತ್ತಿರಲಿಲ್ಲ. ಲಯದ ಬಗೆಗಿನ ಅವರ ಕುತೂಹಲ ಅಲ್ಲಿಂದ ಗಟ್ಟಿಯಾಯಿತು.

1892ರಲ್ಲಿ ಅವರು ಜಿನೀವಾದ ಸಂಗೀತ ವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ತರಗತಿಯಲ್ಲಿ ಅವರಿಗೆ ಒಂದು ವಿಚಿತ್ರ ಕಂಡಿತು. ವಿದ್ಯಾರ್ಥಿಗಳು ನಿಯಮದಂತೆ ಸ್ವರಗಳನ್ನು ಬರೆಯುತ್ತಿದ್ದರು; ಆದರೆ ತಾವು ಬರೆದದ್ದು ಹೇಗೆ ಕೇಳಿಸುತ್ತದೆಂದು ಅವರಿಗೇ ತಿಳಿಯುತ್ತಿರಲಿಲ್ಲ. ಬೆರಳುಗಳು ಚುರುಕಾಗಿದ್ದವರೂ ನುಡಿಸುವಾಗ ಲಯ ತಪ್ಪುತ್ತಿದ್ದರು. ಹೀಗೆ ಲಯ ತಪ್ಪುತ್ತಿದ್ದ ವಿದ್ಯಾರ್ಥಿಯೊಬ್ಬ ನಡೆಯುವಾಗ ಮಾತ್ರ ಸಮನಾದ ಹೆಜ್ಜೆ ಹಾಕುವುದನ್ನು ಅವರು ಗಮನಿಸಿದರು. ಹಾಗಾದರೆ ಲಯ ಅವನಲ್ಲಿ ಇದೆ. ವಾದ್ಯದವರೆಗೆ ತಲುಪಿಲ್ಲ, ಅಷ್ಟೆ. ಅವರ ಮುಂದಿನ ಕೆಲಸವೆಲ್ಲ ಈ ಗ್ರಹಿಕೆಯ ಮೇಲೆ ನಿಂತಿತು.

ನಮ್ಮ ಬೋಧನಾಭ್ಯಾಸದ ಅವಲೋಕನ ಪುಸ್ತಕಗಳಲ್ಲಿ, ಚಪ್ಪಾಳೆ ತಪ್ಪಿದ ಮಗುವಿನ ಮುಂದೆ ತಾಳಜ್ಞಾನವಿಲ್ಲ ಎಂಬ ಷರಾ ಬಿದ್ದಿರುವುದನ್ನು ನಾನು ನೋಡುತ್ತಿರುತ್ತೇನೆ. ಡಾಲ್‌ಕ್ರೋಜ್ ಅವರಾಗಿದ್ದರೆ ಅದನ್ನು ಬರೆಯುವ ಮೊದಲು ಆ ಮಗು ಹೇಗೆ ನಡೆಯುತ್ತದೆ, ಹೇಗೆ ಓಡುತ್ತದೆ ಎಂದು ನೋಡುತ್ತಿದ್ದರು.

ಅವರು ರೂಪಿಸಿದ ಪದ್ಧತಿಗೆ ಇಂಗ್ಲಿಷಿನಲ್ಲಿ ಯೂರಿದ್ಮಿಕ್ಸ್ ಎಂಬ ಹೆಸರು ಬಂದಿತು. ಶಿಕ್ಷಕರು ಪಿಯಾನೋ ನುಡಿಸುತ್ತಾರೆ. ಮಕ್ಕಳು ಅದನ್ನು ಕೇಳುತ್ತ ನಡೆಯುತ್ತಾರೆ. ಒಂದು ಎಣಿಕೆಯ ಸ್ವರಕ್ಕೆ ಒಂದು ಹೆಜ್ಜೆ. ಅದರ ಅರ್ಧ ಅವಧಿಯ ಸ್ವರಗಳಿಗೆ ಓಟ. ಎರಡು ಎಣಿಕೆಯ ಸ್ವರಕ್ಕೆ ಒಂದು ಹೆಜ್ಜೆ ಇಟ್ಟು ಮಂಡಿ ಬಾಗಿಸುವುದು. ಮುಂದೆ ಕೈಗಳು ತಾಳ ತೋರಿಸುತ್ತಿರುವಾಗ ಕಾಲುಗಳು ಹಾಡಿನ ನಡೆಯನ್ನು ಹಿಡಿಯುತ್ತವೆ. ಶಿಕ್ಷಕರ ಸೂಚನೆ ಬಿದ್ದೊಡನೆ ನಿಲ್ಲಬೇಕು, ಇಲ್ಲವೆ ದಿಕ್ಕು ಬದಲಿಸಬೇಕು. ಬರೆದ ಚಿಹ್ನೆಗಳು ಬರುವುದು ಇವೆಲ್ಲ ಮೈಗೂಡಿದ ಮೇಲೆ. ಇದರ ಜೊತೆಗೆ ಸ್ವರಜ್ಞಾನ ಮತ್ತು ಸ್ವಂತ ಕಲ್ಪನೆಯಿಂದ ನುಡಿಸುವುದು ಪದ್ಧತಿಯ ಇನ್ನೆರಡು ಅಂಗಗಳು.

ವಿದ್ಯಾಲಯದ ಹಿರಿಯರಿಗೆ ಇದು ಹಿಡಿಸಲಿಲ್ಲ. ಬರಿಗಾಲಿನಲ್ಲಿ, ಸಡಿಲ ಉಡುಪಿನಲ್ಲಿ ಮಾಡುವ ಚಲನೆಗಳು ಅಂದಿನ ಜಿನೀವಾದ ಮಡಿವಂತರಿಗೆ ಮುಜುಗರ ತಂದವು. ಡಾಲ್‌ಕ್ರೋಜ್ ಪ್ರಯೋಗ ಬಿಡಲಿಲ್ಲ. 1905ರಲ್ಲಿ ಸೊಲೊಥರ್ನ್‌ನಲ್ಲಿ ಸಂಗೀತಗಾರರ ಮುಂದೆ ಪದ್ಧತಿಯನ್ನು ಪ್ರದರ್ಶಿಸಿದರು. ಆಮೇಲೆ ಶಿಕ್ಷಕರು ಇದನ್ನು ಕಲಿಯಲು ಮುಂದೆ ಬಂದರು. 1910ರಲ್ಲಿ ವುಲ್ಫ್ ಡೋರ್ನ್ ಎಂಬವರು ಜರ್ಮನಿಯ ಡ್ರೆಸ್ಡನ್ ಬಳಿಯ ಹೆಲರಾವ್‌ಗೆ ಅವರನ್ನು ಕರೆಸಿಕೊಂಡು, ಈ ಶಿಕ್ಷಣಕ್ಕೆಂದೇ ದೊಡ್ಡ ಸಭಾಂಗಣವಿರುವ ಕಟ್ಟಡ ಕಟ್ಟಿಸಿದರು. ನಾನಾ ದೇಶಗಳ ವಿದ್ಯಾರ್ಥಿಗಳು ಅಲ್ಲಿಗೆ ಬಂದರು.

ಆ ವೈಭವ ಹೆಚ್ಚು ಕಾಲ ಉಳಿಯಲಿಲ್ಲ. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಗಿ ಜರ್ಮನ್ ಸೇನೆ ಫ್ರಾನ್ಸಿನ ರೀಮ್ಸ್ ಚರ್ಚಿನ ಮೇಲೆ ಗುಂಡಿನ ದಾಳಿ ನಡೆಸಿತು. ಅದನ್ನು ಖಂಡಿಸಿದ ಪ್ರತಿಭಟನಾ ಪತ್ರಕ್ಕೆ ಡಾಲ್‌ಕ್ರೋಜ್ ಸಹಿ ಹಾಕಿದರು. ಜರ್ಮನಿಯಲ್ಲಿ ಅವರ ವಿರುದ್ಧ ಸಿಟ್ಟು ಭುಗಿಲೆದ್ದಿತು. ಹೆಲರಾವ್‌ನ ಕೆಲಸ ಕೈತಪ್ಪಿತು. ಸಹಿಯನ್ನು ಹಿಂತೆಗೆದುಕೊಳ್ಳದೆ, 1915ರಲ್ಲಿ ಜಿನೀವಾದಲ್ಲಿ ತಮ್ಮ ಹೆಸರಿನ ಸಂಸ್ಥೆಯೊಂದಿಗೆ ಕೆಲಸವನ್ನು ಮತ್ತೆ ಮೊದಲಿನಿಂದ ಕಟ್ಟಿದರು. ಆಗ ಅವರಿಗೆ 50 ವರ್ಷ. 1950ರ ಜುಲೈ 1ರಂದು ಜಿನೀವಾದಲ್ಲಿಯೇ ತೀರಿಕೊಂಡರು. ಆ ಸಂಸ್ಥೆ ಇಂದಿಗೂ ಶಿಕ್ಷಕರನ್ನು ತಯಾರು ಮಾಡುತ್ತಿದೆ.

ಈ ಜೀವನದಿಂದ ನಮ್ಮ ಪಾಠ ಯೋಜನೆಗೆ ಏನು ತೆಗೆದುಕೊಳ್ಳಬಹುದು? ಪಿಯಾನೋ ಬೇಕಿಲ್ಲ, ಒಂದು ಕಂಜಿರ ಅಥವಾ ಡೋಲು ಸಾಕು. ಮೊದಲು ಒಂದು ಮಗು ತನ್ನ ಪಾಡಿಗೆ ನಡೆಯಲಿ, ಶಿಕ್ಷಕರು ಅದರ ಹೆಜ್ಜೆಗೆ ಬಾರಿಸಲಿ. ಅನಂತರ ಶಿಕ್ಷಕರ ಪೆಟ್ಟಿಗೆ ಎಲ್ಲರೂ ನಡೆಯಲಿ. ಮೂರನೆಯ ಹಂತದಲ್ಲಿ ಪೆಟ್ಟನ್ನು ಇಮ್ಮಡಿಗೊಳಿಸಿದರೆ ಮಕ್ಕಳು ಓಡುತ್ತಾರೆ. ಸದ್ದು ನಿಂತರೆ ನಿಲ್ಲುತ್ತಾರೆ. ಜಾಗ ಕಿರಿದಾಗಿದ್ದರೆ ನಿಂತಲ್ಲೇ ಹೆಜ್ಜೆ ಹಾಕಿಸಬಹುದು. ಇಷ್ಟಾದ ಮೇಲೆ ಚಪ್ಪಾಳೆಯೊಂದಿಗೆ ಬೆರಳೆಣಿಸುವ ನಮ್ಮ ಆದಿತಾಳದ ಎಂಟು ಅಕ್ಷರಗಳಿಗೆ ಬಂದರೆ, ಆ ಎಣಿಕೆ ಮಕ್ಕಳಿಗೆ ಹೊಸದೆನಿಸುವುದಿಲ್ಲ.

ಮೌಲ್ಯಮಾಪನದ ಅಂಕಣದಲ್ಲಿ ಯಾವ ಮಗು ತಪ್ಪಿತು ಎಂದಷ್ಟೇ ಬರೆಯಬೇಡಿ. ನಡಿಗೆಯಲ್ಲಿ ಸರಿಯಿದ್ದು ಚಪ್ಪಾಳೆಯಲ್ಲಿ ತಪ್ಪಿತೇ, ನಿಧಾನದಲ್ಲಿ ಸರಿಯಿದ್ದು ವೇಗದಲ್ಲಿ ತಪ್ಪಿತೇ ಎಂಬುದನ್ನು ಬರೆಯಿರಿ. ಮರುದಿನದ ಪಾಠವನ್ನು ಎಲ್ಲಿಂದ ಆರಂಭಿಸಬೇಕೆಂಬುದು ಆ ಟಿಪ್ಪಣಿಯಲ್ಲೇ ಸಿಗುತ್ತದೆ.