ಶಾಂತಕವಿಗಳೂ ಉಷಾಹರಣವೂ

ಗದುಗಿನ ಹೆಸರೆತ್ತಿದೊಡನೆ ವೀರನಾರಾಯಣನ ಗುಡಿಯೂ ಕುಮಾರವ್ಯಾಸನ ಭಾರತವೂ ಕನ್ನಡಿಗರ ನೆನಪಿಗೆ ಬರುವುವು. ಅದೇ ಊರಿನಲ್ಲಿ ಕನ್ನಡದ ವೃತ್ತಿರಂಗಭೂಮಿಗೆ ಅಡಿಗಲ್ಲನ್ನಿಟ್ಟ ಶಿಕ್ಷಕರೊಬ್ಬರ ನೆನಪು ಮಾತ್ರ ಮಸುಕಾಗುತ್ತಿರುವುದು ವಿಷಾದದ ಸಂಗತಿಯು. ಶಾಂತಕವಿಗಳೆಂದು ಖ್ಯಾತರಾದ ಸಕ್ಕರಿ ಬಾಳಾಚಾರ್ಯರೇ ಆ ಮಹನೀಯರು.

ಅವರು 1856ರಲ್ಲಿ, ಈಗ ಹಾವೇರಿ ಜಿಲ್ಲೆಗೆ ಸೇರಿರುವ ಸಾತೇನಹಳ್ಳಿಯಲ್ಲಿ ಜನಿಸಿದರು. ಆ ಊರಿನ ಶಾಂತೇಶನೆಂಬ ಹನುಮಂತದೇವರೇ ಅವರ ಕಾವ್ಯನಾಮಕ್ಕೆ ಮೂಲವು. ಜೀವನಕ್ಕೆ ಶಾಲೆಯ ಶಿಕ್ಷಕವೃತ್ತಿ, ಮನಸ್ಸೆಲ್ಲವೂ ಕನ್ನಡದಲ್ಲಿ.

ಅಂದಿನ ಮುಂಬಯಿ ಕರ್ನಾಟಕದಲ್ಲಿ ಮರಾಠಿಯ ಪ್ರಾಬಲ್ಯವು ಎಷ್ಟಿತ್ತೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಕನ್ನಡ ನಾಡಿನಿಂದ ಸಾಂಗಲಿಗೆ ಹೋದ ಭಾಗವತರ ಆಟವನ್ನು ಕಂಡೇ ವಿಷ್ಣುದಾಸ ಭಾವೆಯವರು 1843ರಲ್ಲಿ ಮರಾಠಿಯಲ್ಲಿ ಸೀತಾಸ್ವಯಂವರವನ್ನಾಡಿಸಿದರು. ಮುಂದೆ ಮರಾಠಿ ಮಂಡಳಿಗಳೇ ನಮ್ಮ ಊರೂರಿಗೆ ಬಂದು ಹಣವನ್ನೂ ಕೀರ್ತಿಯನ್ನೂ ಗಳಿಸತೊಡಗಿದವು. ಬೀಜವನ್ನು ಕೊಟ್ಟವರು ಬೆಳೆಯನ್ನು ಕೊಂಡು ಉಣ್ಣುವ ಕಾಲವು ಬಂದಿತು. ಮರಾಠಿಯ ಸೊಗಸನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ; ಕನ್ನಡಿಗರ ಮರೆವಿಗಾಗಿಯೇ ನಮ್ಮ ಮರುಕವು.

ಈ ಕೊರತೆಗೆ ಬಾಳಾಚಾರ್ಯರು ಕೃತಿಯಿಂದಲೇ ಉತ್ತರವಿತ್ತರು. 1870ರ ದಶಕದಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನ ತರುಣರಾಗಿದ್ದಾಗ, ಗದುಗಿನ ಪ್ರಾಚೀನ ನಾಮದಿಂದಲೇ ಕೃತಪುರ ನಾಟಕ ಮಂಡಳಿಯು ಹುಟ್ಟಿತು. ಅದಕ್ಕಾಗಿ ಅವರು ರಚಿಸಿದ ಉಷಾಹರಣವು ಹಾಡುಗಳಿಂದ ತುಂಬಿದ ಪ್ರಣಯ ನಾಟಕವು. ಬಾಣಾಸುರನ ಮಗಳು ಉಷೆಯು ಕನಸಿನಲ್ಲಿ ಕಂಡ ಅನಿರುದ್ಧನಿಗೆ ಮನಸೋಲುವುದೂ, ಸಖಿ ಚಿತ್ರಲೇಖೆಯು ಅವನನ್ನು ದ್ವಾರಕೆಯಿಂದ ತರುವುದೂ, ನಾಗಪಾಶದ ಬಂಧನವೂ, ಕೃಷ್ಣನ ಯುದ್ಧವೂ ಪುರಾಣಪ್ರಸಿದ್ಧವಾದವು. ಅನೇಕ ನಾಟಕಗಳನ್ನು ಬರೆದುದಲ್ಲದೆ ಅವರು ಊರೂರು ತಿರುಗಿ ಕೀರ್ತನೆ ಮಾಡಿದರು. ಕರ್ನಾಟಕವನ್ನು ದೇವಿಯೆಂದು ಕರೆದು ಹಾಡಿದರು. 1920ರಲ್ಲಿ ಅವರು ಕೀರ್ತಿಶೇಷರಾದರು. ಅವರು ತೆರೆದ ದಾರಿಯಲ್ಲಿಯೇ ಶಿರಹಟ್ಟಿಯ ವೆಂಕೋಬರಾಯರೂ ಗದುಗಿನ ಗರುಡ ಸದಾಶಿವರಾಯರೂ ಮಂಡಳಿಗಳನ್ನು ಕಟ್ಟಿ ನಾಡನ್ನೆಲ್ಲ ಸುತ್ತಿದರು.

ಧಾರವಾಡದ ಆಕಾಶವಾಣಿಯು 1950ರ ಜನವರಿ 8ರಂದು ಆರಂಭವಾಯಿತು. ಆಚಾರ್ಯರು ಆ ಯಂತ್ರವನ್ನು ಕಾಣಲಿಲ್ಲ. ಆದರೆ ಅವರ ನಾಟಕವು ಬಾನುಲಿಗೆ ಒಗ್ಗತಕ್ಕದ್ದೆಂದು ನಾವು ನಂಬುತ್ತೇವೆ. ರಾತ್ರಿಯೆಲ್ಲ ನಡೆಯುತ್ತಿದ್ದ ಆಟವನ್ನು ಒಂದು ತಾಸಿಗೆ ಇಳಿಸಬೇಕಾದೀತು. ಚಿತ್ರಲೇಖೆಯು ರಾಜಕುಮಾರರ ಚಿತ್ರಗಳನ್ನು ಬರೆದು ತೋರಿಸುವ ಪ್ರಸಂಗವು ಕಣ್ಣಿಗೆ ಸೇರಿದ್ದು. ಬಾನುಲಿಯಲ್ಲಿ ಅವಳ ಹಾಡೇ ಕುಂಚವಾಗಬೇಕು, ಉಷೆಯ ಕ್ಷಣದ ಮೌನವೇ ಗುರುತಾಗಬೇಕು. ಯುದ್ಧಕ್ಕೆ ಮದ್ದಳೆಯೇ ಸಾಕು.

ಹಾಡುವ ಕಂಠಗಳೊಡನೆ ಹಳೆಯ ಮಟ್ಟುಗಳೂ ಮರೆಯಾಗುವುವು. ಪುಸ್ತಕದಲ್ಲಿ ಮಾತು ಉಳಿಯಬಹುದು, ಧಾಟಿಯು ಉಳಿಯಲಾರದು. ಆದುದರಿಂದ ಬಲ್ಲವರು ಇರುವಾಗಲೇ ಆ ಹಾಡುಗಳನ್ನು ಸಂಗ್ರಹಿಸಿ, ಗದುಗು, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳ ಕಲಾವಿದರಿಂದಲೇ ಹಾಡಿಸಿ ಬಿತ್ತರಿಸಬೇಕೆಂದು ಆಕಾಶವಾಣಿಯ ಅಧಿಕಾರಿಗಳಲ್ಲಿಯೂ ನಾಡಿನ ಅಭಿಮಾನಿಗಳಲ್ಲಿಯೂ ನಾವು ವಿನಂತಿಸುತ್ತೇವೆ. ಶಾಂತಕವಿಗಳಿಗೆ ಕಲ್ಲಿನ ಪ್ರತಿಮೆಗಿಂತ ಇದೇ ಮಿಗಿಲಾದ ಸ್ಮಾರಕವು.