ಫುಟ್‌ಬಾಲ್ ಮೈದಾನದ ಮೇಷ್ಟ್ರು: ಸೈಯದ್ ಅಬ್ದುಲ್ ರಹೀಂ ಸಾಹೇಬ್



ನಮ್ಮ ಮದ್ದೂರಿನ ಕಡೆ ಫುಟ್‌ಬಾಲ್ ಆಡುವವರು ಕಡಿಮೆ. ಇಲ್ಲಿ ಕ್ರಿಕೆಟ್, ವಾಲಿಬಾಲ್, ಕಬಡ್ಡಿಗಳದ್ದೇ ರಾಜ್ಯಭಾರ. ಆದರೆ ಬತ್ತೇರಿ ರಸ್ತೆಯಲ್ಲಿ ಬಂಡೀಪುರದ ಕಾಡು ದಾಟಿ ವಯನಾಡಿಗೆ ಕಾಲಿಟ್ಟರೆ ಸಾಕು, ಗದ್ದೆ ಬಯಲಿನಲ್ಲೂ ಗೋಲುಗಂಬಗಳು ಕಾಣುತ್ತವೆ. ಅಲ್ಲಿಗೆ ಹೋಗಿಬಂದ ನಮ್ಮ ಹುಡುಗರು ಮೆಸ್ಸಿ, ರೊನಾಲ್ಡೊ ಹೆಸರನ್ನು ಪಟಪಟನೆ ಹೇಳುತ್ತಾರೆ. ಆದರೆ ಭಾರತವನ್ನು ಏಷ್ಯಾದ ಫುಟ್‌ಬಾಲಿನ ತುದಿಗೆ ಏರಿಸಿದ ವ್ಯಕ್ತಿ ಯಾರೆಂದು ಕೇಳಿದರೆ ತರಗತಿ ಮೌನವಾಗುತ್ತದೆ. 2024ರಲ್ಲಿ ಅಜಯ್ ದೇವಗನ್ ನಟಿಸಿದ 'ಮೈದಾನ್' ಚಿತ್ರ ಬಂದ ಮೇಲೆ ಕೆಲವರಿಗೆ ಆ ಹೆಸರು ತಿಳಿಯಿತು. ಆದರೆ ಆ ಮಹನೀಯರು ಮೂಲತಃ ನನ್ನಂತೆಯೇ ಒಬ್ಬ ಶಾಲಾ ಮೇಷ್ಟ್ರು ಎಂಬುದನ್ನು ಅರಿತವರು ಇನ್ನೂ ಕಡಿಮೆ. ಅವರೇ ಮರ್ಹೂಮ್ ಸೈಯದ್ ಅಬ್ದುಲ್ ರಹೀಂ ಸಾಹೇಬರು.

ಜನನ ಮತ್ತು ಶಿಕ್ಷಕ ವೃತ್ತಿ

ರಹೀಂ ಸಾಹೇಬರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಆಗ ಅದು ನಿಜಾಮರ ಸಂಸ್ಥಾನ. ನಮ್ಮ ಕಲಬುರಗಿ, ಬೀದರ್, ರಾಯಚೂರು ಸೀಮೆಯೂ ಅದೇ ಸಂಸ್ಥಾನಕ್ಕೆ ಸೇರಿತ್ತು. ಅವರು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು, ಅದರ ತಂಡಕ್ಕೂ ಆಡಿದರು. ವಿದ್ಯಾಭ್ಯಾಸ ಮುಗಿದ ಮೇಲೆ ಕಾಚಿಗುಡ, ದಾರುಲ್ ಉಲೂಮ್, ಚಾದರಘಾಟ್ ಮುಂತಾದ ಶಾಲೆಗಳಲ್ಲಿ ಅಧ್ಯಾಪಕರಾಗಿ ದುಡಿದರು. ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು ಮಕ್ಕಳ ಆಟೋಟದ ಹೊಣೆಯನ್ನೂ ಹೊತ್ತರು.

ಮಗುವಿನ ತಪ್ಪನ್ನು ಸಣ್ಣ ಸಣ್ಣ ಭಾಗಗಳಾಗಿ ಬಿಡಿಸಿ, ಒಂದೊಂದನ್ನೇ ಅಭ್ಯಾಸದಿಂದ ತಿದ್ದುವುದು ತರಗತಿಯ ಕ್ರಮ. ರಹೀಂ ಸಾಹೇಬರು ಅದನ್ನೇ ಮೈದಾನಕ್ಕೆ ಕೊಂಡೊಯ್ದರು. 1940ರ ದಶಕದ ಆರಂಭದಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತಿಯ ಜವಾಬ್ದಾರಿ ಅವರಿಗೆ ಬಂತು.

ಎಡಗಾಲಿನ ಪಾಠ

ಆಗ ನಮ್ಮಲ್ಲಿ ಒಳ್ಳೆಯ ಆಟಗಾರ ಎಂದರೆ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ನಾಲ್ಕಾರು ಜನರನ್ನು ವಂಚಿಸಿ ಹೋಗುವವನು ಎಂಬ ಭಾವನೆ ಇತ್ತು. ಅದರಿಂದ ಪ್ರೇಕ್ಷಕರಿಗೆ ಆನಂದವಾಗುತ್ತಿತ್ತೇ ಹೊರತು ತಂಡ ಗೆಲ್ಲುತ್ತಿರಲಿಲ್ಲ. ರಹೀಂ ಸಾಹೇಬರು ಬೈದು ಬುದ್ಧಿ ಹೇಳುವ ಬದಲು ಪಂದ್ಯಾವಳಿಯ ನಿಯಮವನ್ನೇ ಬದಲಿಸಿದರು. ಚೆಂಡನ್ನು ಕಾಲಲ್ಲಿ ಆಡಿಸಿಕೊಂಡು ಓಡುವಂತಿಲ್ಲ, ಸಂಗಾತಿಗೆ ಕೊಡಲೇಬೇಕು ಎಂಬ ನಿಯಮದ ಪಂದ್ಯಾವಳಿಗಳನ್ನು ನಡೆಸಿದರು. ಆಟಗಾರ ತನ್ನ ದುರ್ಬಲ ಕಾಲಿನಿಂದ ಮಾತ್ರ ಚೆಂಡು ಒದೆಯಬೇಕೆಂಬ ಪಂದ್ಯಾವಳಿಗಳನ್ನೂ ಏರ್ಪಡಿಸಿದರು. ಬಲಗಾಲಿನ ಹುಡುಗನಿಗೆ ಎಡಗಾಲಿನ ಪಾಠ! ಮೊದಮೊದಲು ನಗೆಪಾಟಲಾದರೂ ಕೆಲವೇ ದಿನಗಳಲ್ಲಿ ಎರಡೂ ಕಾಲು ಪಳಗುತ್ತಿದ್ದವು.

ಫಲ ಬೇಗನೆ ಸಿಕ್ಕಿತು. 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ ಹೈದರಾಬಾದ್ ಪೊಲೀಸರ ಪಾಲಾಯಿತು. ಡುರಾಂಡ್ ಕಪ್ಪನ್ನೂ ಆ ತಂಡ ಹಲವು ಬಾರಿ ಗೆದ್ದಿತು.

ಹೆಲ್ಸಿಂಕಿಯ ಸೋಲು, ಮೆಲ್ಬರ್ನ್‌ನ ಗೆಲುವು

ರಹೀಂ ಸಾಹೇಬರ ತರಬೇತಿಯಲ್ಲಿ ಭಾರತ ತಂಡ 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನ್ ತಂಡವನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದಿತು. ಆದರೆ ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾದ ಕೈಯಲ್ಲಿ 1-10ರ ಘೋರ ಸೋಲು! ಚಳಿಯ ನಾಡಿನ ಮೈದಾನದಲ್ಲಿ ನಮ್ಮ ಹಲವರು ಬರಿಗಾಲಿನಲ್ಲೇ ಆಡಿದ್ದರು. ಭಾರತದ ಆ ಒಂದೇ ಗೋಲು ಹೊಡೆದವರು ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ.

ಈ ಸೋಲಿನ ನಂತರ ಬೂಟು ಧರಿಸುವುದು ಕಡ್ಡಾಯವಾಯಿತು. ರಹೀಂ ಸಾಹೇಬರು ಆಟಗಾರರ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳಲಿಲ್ಲ. ತಾವೇ ವಿದ್ಯಾರ್ಥಿಯಾಗಿ ಪರದೇಶಗಳ ಆಟವನ್ನು ಗಮನಿಸಿ, ಆಟಗಾರರನ್ನು ನಿಲ್ಲಿಸುವ ಕ್ರಮವನ್ನೇ ಬದಲಿಸುತ್ತ ಹೋದರು. ನಾಲ್ವರು ಹಿಂದೆ, ಇಬ್ಬರು ಮಧ್ಯೆ, ನಾಲ್ವರು ಮುಂದೆ ಎಂಬ ವ್ಯೂಹವನ್ನು ನಮ್ಮ ದೇಶದಲ್ಲಿ ಬೆಳೆಸಿದವರಲ್ಲಿ ಅವರೇ ಮೊದಲಿಗರು.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಮಣಿಸಿತು. ನೆವಿಲ್ ಡಿಸೋಜ ಮೂರು ಗೋಲು ಬಾರಿಸಿದರು. ಒಲಿಂಪಿಕ್ಸ್ ಫುಟ್‌ಬಾಲಿನ ಸೆಮಿಫೈನಲ್ ತಲುಪಿದ ಮೊದಲ ಏಷ್ಯಾ ರಾಷ್ಟ್ರ ಭಾರತವೇ. ಕೊನೆಗೆ ಸಿಕ್ಕಿದ್ದು ನಾಲ್ಕನೆಯ ಸ್ಥಾನ. ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯನವರೂ ಇದ್ದರು.

ಒಂದು ಸೈಕಲ್, ಒಬ್ಬ ಮಗ

ಸಿಕಂದರಾಬಾದಿನ ಬಳಿಯ ಅಮ್ಮುಗುಡದ ಬಡ ಮನೆಯಲ್ಲಿ ಹುಟ್ಟಿದ ತುಳಸೀದಾಸ್ ಬಲರಾಮ್ ಎಂಬ ಹುಡುಗನ ಆಟ ರಹೀಂ ಸಾಹೇಬರ ಕಣ್ಣಿಗೆ ಬಿತ್ತು. ಆದರೆ ದಿನಾ ಹೈದರಾಬಾದಿಗೆ ಅಭ್ಯಾಸಕ್ಕೆ ಬರಲು ಹುಡುಗನ ಬಳಿ ಹಣವಿರಲಿಲ್ಲ. ಸಾಹೇಬರು ಅವನಿಗೊಂದು ಸೈಕಲ್ಲಿನ ವ್ಯವಸ್ಥೆ ಮಾಡಿದರು. ಅದೇ ಹುಡುಗ ಮೆಲ್ಬರ್ನ್‌ನಲ್ಲೂ ರೋಮ್‌ನಲ್ಲೂ ಆಡಿ, ಪಿ. ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿ ಅವರೊಂದಿಗೆ ಭಾರತದ ಮುಂಪಡೆಯ ತ್ರಿಮೂರ್ತಿಗಳಲ್ಲಿ ಒಬ್ಬರಾದರು.

ಇನ್ನೊಂದು ಸಂಗತಿ ಸ್ವಂತ ಮಗನದು. ಸೈಯದ್ ಶಾಹಿದ್ ಹಕೀಂ 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದರು. ತರಬೇತುದಾರ ತಂದೆಯೇ. ಆದರೂ ಹಕೀಂ ಅವರಿಗೆ ಒಂದು ಪಂದ್ಯವನ್ನೂ ಆಡುವ ಅವಕಾಶ ಸಿಗಲಿಲ್ಲ! ಆ ಕೂಟದಲ್ಲಿ ಭಾರತ ಹಂಗೆರಿಗೆ 1-2ರಿಂದ ಸೋತು, ಫ್ರಾನ್ಸ್ ಜೊತೆ 1-1ರ ಸಮ ಮಾಡಿಕೊಂಡು, ಪೆರುವಿಗೆ 1-3ರಿಂದ ಸೋತಿತು. ಮಗನನ್ನು ಒಮ್ಮೆ ಇಳಿಸಿದ್ದರೆ ಯಾರೂ ಕೈ ಹಿಡಿಯುತ್ತಿರಲಿಲ್ಲವೇನೋ. ಆದರೆ ಇನ್ಸಾಫ್ ಎಂಬುದು ಮನೆಯಿಂದಲೇ ಶುರುವಾಗಬೇಕಲ್ಲವೇ? ಹಕೀಂ ಸಾಹೇಬರು ಮುಂದೆ ವಾಯುಪಡೆಯ ಅಧಿಕಾರಿಯಾಗಿ, ಅಂತರರಾಷ್ಟ್ರೀಯ ರೆಫರಿಯಾಗಿ ಹೆಸರು ಮಾಡಿದರು. 2021ರ ಆಗಸ್ಟ್‌ನಲ್ಲಿ ನಮ್ಮ ಕಲಬುರಗಿಯಲ್ಲಿಯೇ ಕೊನೆಯುಸಿರೆಳೆದರು.

ಜಕಾರ್ತಾದ ಚಿನ್ನ

1962ರ ಏಷ್ಯನ್ ಕ್ರೀಡಾಕೂಟ ಇಂಡೋನೇಷ್ಯಾದ ಜಕಾರ್ತಾದಲ್ಲಿ. ಆಗಲೇ ರಹೀಂ ಸಾಹೇಬರ ಶ್ವಾಸಕೋಶಕ್ಕೆ ಕ್ಯಾನ್ಸರ್ ತಗುಲಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ವಿರುದ್ಧ 0-2ರ ಸೋಲು. ಥಾಯ್ಲೆಂಡ್ ವಿರುದ್ಧ 4-1ರಿಂದ ಗೆದ್ದರೂ ರಕ್ಷಣೆಯ ಆಧಾರಸ್ತಂಭ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಗೋಲುಕೀಪರ್ ಪೀಟರ್ ತಂಗರಾಜ್ ಜ್ವರದಿಂದ ಬಳಲುತ್ತಿದ್ದರು. ಇಸ್ರೇಲ್ ಮತ್ತು ತೈವಾನ್ ತಂಡಗಳಿಗೆ ಪ್ರವೇಶ ಸಿಗದಿದ್ದುದನ್ನು ಭಾರತದ ಕ್ರೀಡಾಧಿಕಾರಿ ಜಿ. ಡಿ. ಸೋಂಧಿ ಪ್ರಶ್ನಿಸಿದ್ದರಿಂದ ಸ್ಥಳೀಯರೂ ನಮ್ಮ ವಿರುದ್ಧ ಕೆರಳಿದ್ದರು.

ಸಾಹೇಬರು ಧೈರ್ಯಗೆಡಲಿಲ್ಲ. ಜರ್ನೈಲ್ ತಮ್ಮ ಕಾಲೇಜು ದಿನಗಳಲ್ಲಿ ಮುಂಪಡೆಯಲ್ಲಿ ಆಡುತ್ತಿದ್ದುದು ಅವರಿಗೆ ತಿಳಿದಿತ್ತು. ಹೊಲಿಗೆ ಹಾಕಿದ ತಲೆಯ ಆ ರಕ್ಷಣಾ ಆಟಗಾರನನ್ನು ಸೆಮಿಫೈನಲ್‌ನಲ್ಲಿ ಮುಂದಕ್ಕೆ ತಂದು ನಿಲ್ಲಿಸಿದರು! ದಕ್ಷಿಣ ವಿಯೆಟ್ನಾಂ ವಿರುದ್ಧದ 3-2ರ ಗೆಲುವಿನಲ್ಲಿ ಜರ್ನೈಲ್ ಒಂದು ಗೋಲು ಹೊಡೆದರು. ಫೈನಲ್‌ಗೆ ತಂಗರಾಜ್ ಅವರನ್ನೇ ಗೋಲಿನ ಬಾಯಿಗೆ ಮರಳಿ ಕರೆತಂದರು. ಫೈನಲ್‌ನ ಹಿಂದಿನ ರಾತ್ರಿ ನಿದ್ದೆ ಬಾರದ ಆಟಗಾರರೊಂದಿಗೆ ಮಾತನಾಡುತ್ತ, ನಾಳೆ ತನಗೊಂದು ಕಾಣಿಕೆ ಬೇಕೆಂದು, ಆ ಕಾಣಿಕೆ ಚಿನ್ನವೇ ಆಗಿರಬೇಕೆಂದು ಕೇಳಿಕೊಂಡರಂತೆ. ಆಜ್ಞೆ ಮಾಡುವ ಅಧಿಕಾರವುಳ್ಳ ಹಿರಿಯರು ಅಂದು ಕೈಯೊಡ್ಡಿ ಬೇಡಿದ್ದರು.

1962ರ ಸೆಪ್ಟೆಂಬರ್ 4ರಂದು ಲಕ್ಷದಷ್ಟು ಜನರ ಕೂಗಾಟದ ನಡುವೆ ಪಂದ್ಯ ನಡೆಯಿತು. ಪಿ. ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಸಿಂಗ್ ಒಂದು. ಮೊದಲು ಸೋಲಿಸಿದ್ದ ಅದೇ ದಕ್ಷಿಣ ಕೊರಿಯಾವನ್ನು ಭಾರತ 2-1ರಿಂದ ಸೋಲಿಸಿತು. ಆ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಅವರೂ ಇದ್ದರು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲಿನಲ್ಲಿ ನಮಗೆ ಬಂದ ಕೊನೆಯ ಚಿನ್ನ ಅದೇ.

ಒಂದು ವರ್ಷವೂ ತುಂಬಲಿಲ್ಲ. 1963ರ ಜೂನ್ 11ರಂದು ರಹೀಂ ಸಾಹೇಬರು ಇಹಲೋಕ ತ್ಯಜಿಸಿದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಆಗ ವಯಸ್ಸು ಬರೀ 53. ಅವರಿಗೆ ಸಿಗರೇಟಿನ ಚಟ ಬಹಳವಿತ್ತು. ಮಹನೀಯರ ಗುಣವನ್ನು ಅನುಸರಿಸುವಾಗ ಅವರ ಈ ತಪ್ಪಿನಿಂದಲೂ ವಿದ್ಯಾರ್ಥಿಗಳು ಎಚ್ಚರ ಕಲಿಯಬೇಕು. ತರಬೇತುದಾರರಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದದ್ದು 1985ರಲ್ಲಿ. ಆ ವೇಳೆಗೆ ಅವರು ತೀರಿಕೊಂಡು 22 ವರ್ಷಗಳಾಗಿದ್ದವು.

ತಲೆಮಾರು ಬದಲಾದಂತೆ

ರಹೀಂ ಸಾಹೇಬರ ಕಾಲದಲ್ಲಿ ಉಸ್ತಾದರ ಮಾತೇ ಅಂತಿಮ. ಅವರೂ ಕಟ್ಟುನಿಟ್ಟಿನವರೇ. ಯಾರು ಆಡಬೇಕು, ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಎದುರು ಮಾತಿರಲಿಲ್ಲ. ಆಟಗಾರರು ಪೊಲೀಸ್, ರೈಲ್ವೆ ಮುಂತಾದ ಕಡೆ ನೌಕರಿ ಮಾಡಿಕೊಂಡು ಆಡುತ್ತಿದ್ದರು.

ಅವರ ಶಿಷ್ಯರಾದ ಪಿ. ಕೆ. ಬ್ಯಾನರ್ಜಿ ತಾವೇ ತರಬೇತುದಾರರಾದಾಗ ಮಾತನ್ನೇ ಮದ್ದಾಗಿಸಿಕೊಂಡರು. ಪಂದ್ಯಕ್ಕೆ ಮುನ್ನ ಅವರಾಡುವ ಹುರಿದುಂಬಿಸುವ ಮಾತುಗಳು ಕೋಲ್ಕತ್ತದಲ್ಲಿ ಮನೆಮಾತಾಗಿದ್ದವು. 1970ರಲ್ಲಿ ಬ್ಯಾಂಕಾಕ್‌ನಲ್ಲಿ ಪಿ. ಕೆ. ಮತ್ತು ಜಿ. ಎಂ. ಎಚ್. ಬಾಷಾ ಅವರ ತರಬೇತಿಯಲ್ಲಿ ಭಾರತ ಕಂಚು ಗೆದ್ದಿತು. ಆ ತಂಡದ ನಾಯಕರಾಗಿದ್ದ ಹೈದರಾಬಾದಿನ ಸೈಯದ್ ನಯೀಮುದ್ದೀನ್ ಮುಂದೆ ತರಬೇತುದಾರರಾದಾಗ ಬೇರೆಯೇ ದಾರಿ ಹಿಡಿದರು. ಅವರು ಶಿಸ್ತಿನ ವಿಷಯದಲ್ಲಿ ರಾಜಿಯಿಲ್ಲದವರೆಂದೇ ಹೆಸರಾದರು. 1990ರಲ್ಲಿ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂತು.

ಈಗಿನ ತಲೆಮಾರಿನ ರೀತಿ ಇನ್ನೊಂದು. 2013ರಲ್ಲಿ ಆರಂಭವಾದ ಬೆಂಗಳೂರು ಎಫ್‌ಸಿ ತಂಡ ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ಅವರ ತರಬೇತಿಯಲ್ಲಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಈಗ ಆಟಗಾರನಿಗೆ ಕರಾರುಪತ್ರವಿದೆ, ಏಜೆಂಟನಿದ್ದಾನೆ. ಅವನು ಏನು ತಿನ್ನಬೇಕೆಂದು ಹೇಳಲು ಆಹಾರ ತಜ್ಞರಿದ್ದಾರೆ. ಎಷ್ಟು ದೂರ ಓಡಿದನೆಂದು ಅಂಗಿಯೊಳಗಿನ ಯಂತ್ರ ಲೆಕ್ಕ ಕೊಡುತ್ತದೆ. ತಪ್ಪನ್ನು ವಿಡಿಯೊ ತೋರಿಸಿ ವಿವರಿಸಬೇಕು. ಇಂದಿನ ಹುಡುಗ ಏಕೆ ಎಂದು ಕೇಳುತ್ತಾನೆ, ಉತ್ತರ ಕೊಡದೆ ಗತ್ಯಂತರವಿಲ್ಲ.

ಹಿಂದಿನವರು ಇಂದಿನ ಹುಡುಗರನ್ನು ನಾಜೂಕಿನವರೆನ್ನುತ್ತಾರೆ. ಇಂದಿನವರು ಹಿಂದಿನವರನ್ನು ಸರ್ವಾಧಿಕಾರಿಗಳೆನ್ನುತ್ತಾರೆ. ನಮ್ಮ ಶಿಕ್ಷಕರ ಕೊಠಡಿಯಲ್ಲೂ ಇದೇ ಚರ್ಚೆ. ಹಿರಿಯರಿಗೆ ಬೆತ್ತದ ಕಾಲ ನೆನಪಾಗುತ್ತದೆ. ಕಿರಿಯರಾದ ನಾವು ಬಿ.ಎಡ್.ನಲ್ಲಿ ಓದಿದ ಮಕ್ಕಳ ಮನೋವಿಜ್ಞಾನವನ್ನು ಮುಂದಿಡುತ್ತೇವೆ.

ನನ್ನ ಅನುಭವವೊಂದನ್ನು ಇಲ್ಲಿ ಮುಚ್ಚಿಡಬಾರದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಾಲಾ ತಂಡದ ಬೆಳಗಿನ ಅಭ್ಯಾಸ ನನ್ನ ಹೊಣೆಯಾಗಿತ್ತು. ಚೆನ್ನಾಗಿ ಆಡುತ್ತಿದ್ದ ಒಬ್ಬ ಹುಡುಗ ಮೂರು ದಿನ ತಡವಾಗಿ ಬಂದ. ಎಲ್ಲರೆದುರು ಬೈದು ತಂಡದಿಂದ ತೆಗೆದುಹಾಕಿದೆ. ಅವನು ತಲೆ ತಗ್ಗಿಸಿ ನಿಂತಿದ್ದ, ಒಂದು ಮಾತನ್ನೂ ಆಡಲಿಲ್ಲ. ಅವನ ಮನೆ ಕಾಡಂಚಿನಲ್ಲಿತ್ತು. ಆ ದಿನಗಳಲ್ಲಿ ಬರುವ ದಾರಿಯಲ್ಲಿ ಆನೆಗಳು ನಿಲ್ಲುತ್ತಿದ್ದುದರಿಂದ ಚೆನ್ನಾಗಿ ಬೆಳಕಾಗುವವರೆಗೆ ಮನೆಯವರು ಬಿಡುತ್ತಿರಲಿಲ್ಲವೆಂದು ಅವನ ಚಿಕ್ಕಪ್ಪನಿಂದ ನನಗೆ ತಿಳಿದದ್ದು ತಿಂಗಳ ನಂತರ. ಅಷ್ಟರಲ್ಲಿ ಅವನು ಆಟ ಬಿಟ್ಟಿದ್ದ. ಮರುವರ್ಷ ಶಾಲೆಯನ್ನೂ ಬಿಟ್ಟು ವಯನಾಡಿನ ಕಡೆ ಕೂಲಿಗೆ ಹೋದ. ಮನೋವಿಜ್ಞಾನ ಓದಿದ್ದ ನಾನು ಏಕೆ ತಡವಾಯಿತು ಮಗಾ ಎಂದು ಒಂದು ಮಾತು ಕೇಳಿರಲಿಲ್ಲ. ಬಲರಾಮ್ ಅವರ ಸೈಕಲ್ಲಿನ ಸಂಗತಿ ಓದಿದಾಗಲೆಲ್ಲ ನನಗೆ ಆ ಹುಡುಗನ ಮುಖ ನೆನಪಾಗುತ್ತದೆ.

ರಹೀಂ ಸಾಹೇಬರು ಹಳೆಯ ಕಾಲದವರು, ಕಟ್ಟುನಿಟ್ಟಿನವರು. ಆದರೆ ಯಾರ ಮನೆಯಲ್ಲಿ ಬಸ್ಸಿಗೆ ಕಾಸಿಲ್ಲ, ಯಾರು ಕಾಲೇಜಿನಲ್ಲಿ ಎಲ್ಲಿ ಆಡುತ್ತಿದ್ದರು, ಯಾವ ಹುಡುಗನಿಗೆ ರಾತ್ರಿ ನಿದ್ದೆ ಬಂದಿಲ್ಲ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಅದಕ್ಕೇ ಅವರ ಶಿಸ್ತನ್ನು ಹುಡುಗರು ಹೊರೆಯೆಂದು ಭಾವಿಸಲಿಲ್ಲ. ಇಂದು ಯಂತ್ರ ಎಷ್ಟು ಕಿಲೋಮೀಟರ್ ಓಡಿದನೆಂದು ಹೇಳೀತು. ಯಾವ ದಾರಿಯಲ್ಲಿ ನಡೆದು ಬಂದನೆಂಬುದನ್ನು ನಾವೇ ಕೇಳಿ ತಿಳಿಯಬೇಕು.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ದುರ್ಬಲವಾದ ಕಾಲನ್ನು ಅಡಗಿಸಿಡಬೇಡಿ, ಅದರಿಂದಲೇ ಆಡಿ ಅಭ್ಯಾಸ ಮಾಡಿ. ಗಣಿತವಿರಲಿ, ಇಂಗ್ಲಿಷ್ ಇರಲಿ, ಕನ್ನಡದ ಒತ್ತಕ್ಷರವಿರಲಿ, ಉರ್ದುವಿನ ಇಮ್ಲಾ ಇರಲಿ, ಕಷ್ಟವಿದ್ದರೆ ಬಾಯಿಬಿಟ್ಟು ಹೇಳಿ. ಕೇಳಿಸಿಕೊಳ್ಳುವುದು ನಮ್ಮ ಫರ್ಜ್.

ಅಲ್ಲಾಹನು ಮರ್ಹೂಮ್ ರಹೀಂ ಸಾಹೇಬರಿಗೆ ಮಗ್ಫಿರತ್ ಕರುಣಿಸಲಿ, ನಮ್ಮ ಮಕ್ಕಳಿಗೆ ಅಂತಹ ಉಸ್ತಾದರನ್ನು ದಯಪಾಲಿಸಲಿ. ಆಮೀನ್.